ಎದೆಮಟ್ಟದ ನೀರು, 39 ಗ್ರಾಂ ರೂಟರ್

ಅತ್ತೆಯ ಫೋನ್ ಬಂದಾಗ ಬೆಳಿಗ್ಗೆ 5.40. "ನೀರು ನುಗ್ಗಿದೆ ಕಣೋ, ಕೆಳಗಡೆ ಮನೆ ಮುಳುಗೋಯ್ತು. ಇವತ್ತು ಮಾವಂದು ಡಯಾಲಿಸಿಸ್..." ಅಷ್ಟೇ, ಕಟ್ಟಾಯಿತು. ತಿರುಗಿ ಮಾಡಿದೆ, ಹೋಗಲಿಲ್ಲ. ಹತ್ತು ಸಲ ಮಾಡಿದೆ. ಹೋಗಲಿಲ್ಲ.

2022ರ ಸೆಪ್ಟೆಂಬರ್ 5, ಸೋಮವಾರ. ಇಡೀ ರಾತ್ರಿ ಸುರಿದಿತ್ತು. ಅಂದು ಬೆಳಿಗ್ಗೆಗೆ ಮುಗಿದ 24 ಗಂಟೆಯಲ್ಲಿ ಬೆಂಗಳೂರಿಗೆ ಬಿದ್ದ ಮಳೆ 131.6 ಮಿಲಿಮೀಟರ್. ಮಾವನ ಮನೆ ಮಹದೇವಪುರದಾಚೆ, ರಾಜಕಾಲುವೆ ಪಕ್ಕದ ತಗ್ಗಿನಲ್ಲಿ. ಊರಿನ ಪೂರ್ವಭಾಗದ ಕೆರೆಗಳು ಒಂದಕ್ಕೊಂದು ಕೊಂಡಿ. ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು ಹೋಗಬೇಕು. ಹೋಗುವ ದಾರಿಯಲ್ಲಿ ಈಗ ಮನೆಗಳಿವೆ. ಮಾವನಿಗೆ ಶುಕ್ರವಾರ ಡಯಾಲಿಸಿಸ್ ಆದರೆ ಮುಂದಿನದು ಸೋಮವಾರ. ವಾರದಲ್ಲೇ ಉದ್ದದ ಅಂತರ ಅದು. ದಾಟಿಸಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೇ ಹೊಡೆತ.

ಹಲಸೂರಿನ ನಮ್ಮ ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ಬ್ಯಾಗಿಗೆ ತುರುಕಿದೆ: ಟಾರ್ಚು, ಪವರ್‌ಬ್ಯಾಂಕು, ಹಳೆಯದೊಂದು ಫೋನು, ಪ್ರವಾಸಕ್ಕೆಂದು ಇಟ್ಟುಕೊಂಡಿದ್ದ ಪುಟ್ಟ ರೂಟರ್. 58 ಮಿಲಿಮೀಟರ್ ಚೌಕ, 39 ಗ್ರಾಂ ತೂಕ. ಅದರ ಹೆಸರೇ ಮ್ಯಾಂಗೊ, ಬಣ್ಣವೂ ಮಾವಿನ ಹಳದಿ. ಹೋಟೆಲಿನ ಕೇಬಲ್ಲಿನಿಂದಲೋ ಫೋನಿನಿಂದಲೋ ಇಂಟರ್‌ನೆಟ್ ತೆಗೆದುಕೊಂಡು ಸುತ್ತಲಿನ ಫೋನುಗಳಿಗೆ ವೈಫೈ ಹಂಚುತ್ತದೆ. ಅದು ಕುಡಿಯುವ ಕರೆಂಟು ಹೆಚ್ಚೆಂದರೆ ಎರಡೂ ಮುಕ್ಕಾಲು ವಾಟ್, ಪವರ್‌ಬ್ಯಾಂಕೇ ಸಾಕು.

ಆಗಿನ್ನೂ ಮೆಟ್ರೊ ಕೆ.ಆರ್. ಪುರಕ್ಕೆ ಮುಟ್ಟಿರಲಿಲ್ಲ. ಹಲಸೂರು, ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ, ಬೈಯಪ್ಪನಹಳ್ಳಿ. ಅಲ್ಲಿಗೆ ಹಳಿ ಮುಗಿಯಿತು. ಆಟೋದವರು ಯಾರೂ ಬರಲಿಲ್ಲ. ಹಳೇ ಮದ್ರಾಸ್ ರಸ್ತೆಯಲ್ಲಿ ಓಡಿದೆ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸುಗಳು ಸಾಲಾಗಿ ನಿಂತಿದ್ದವು. ಕೆ.ಆರ್. ಪುರದ ತೂಗುಸೇತುವೆ ದಾಟಿ ರಿಂಗ್ ರೋಡಿಗೆ ಇಳಿದರೆ ರಸ್ತೆಯೇ ಹೊಳೆ.

ಬಡಾವಣೆಯ ತಿರುವಿನಲ್ಲಿ ನೀರು ಮೊಣಕಾಲಿಗೆ ಬಂತು, ಇಪ್ಪತ್ತು ಹೆಜ್ಜೆಗೆ ಸೊಂಟಕ್ಕೆ, ಮಾವನ ಬೀದಿಯಲ್ಲಿ ಎದೆಗೆ. ಬ್ಯಾಗು ತಲೆಯ ಮೇಲೆ. ಸಿಕ್ಕ ಬಿದಿರುಗಳುವಿನಿಂದ ನೆಲ ತಡವಿ, ಮ್ಯಾನ್‌ಹೋಲ್ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಮುಂದಿನ ಹೆಜ್ಜೆ. ಲೈಟುಕಂಬಗಳಿಂದ ಆದಷ್ಟು ದೂರ, ನಡುಬೀದಿಯಲ್ಲೇ ನಡೆದೆ. ಅಂದೇ ರಾತ್ರಿ ವೈಟ್‌ಫೀಲ್ಡ್ ಕಡೆ ನೀರಿನಲ್ಲಿ ಕಂಬ ಹಿಡಿದ ಯುವತಿಯೊಬ್ಬಳು ಕರೆಂಟು ಹೊಡೆದು ತೀರಿಕೊಂಡಳು. ಇವತ್ತಿಗೂ ಅದನ್ನು ನೆನೆದರೆ ಕೈ ನಡುಗುತ್ತದೆ.

ಮೂರು ಮನೆಗಳ ಜನ ಮಾವನ ಮಹಡಿಯಲ್ಲಿದ್ದರು. ಎಲ್ಲರ ಕೈಯಲ್ಲೂ ಫೋನು, ಯಾವುದಕ್ಕೂ ಸಿಗ್ನಲ್ಲಿಲ್ಲ. ಕರೆಂಟಿಲ್ಲ, ಫೈಬರಿನ ಡಬ್ಬಿ ನೀರಿನಡಿ. ಮಾವ ಕುರ್ಚಿಯಲ್ಲಿ ಕೂತಿದ್ದರು. ಪಾದ ಊದಿತ್ತು, ಉಸಿರು ಮೇಲೆ ಮೇಲೆ ಬರುತ್ತಿತ್ತು.

ತಾರಸಿಗೆ ಓಡಿದೆ. ಹಳೆಯ ಫೋನನ್ನು ಮೂಲೆಮೂಲೆಗೂ ಹಿಡಿದು ನೋಡಿದೆ. ಮೆಟ್ಟಿಲ ಕೋಣೆಯ ಬಾಗಿಲ ಮೇಲಿನ ಸಜ್ಜೆಯಲ್ಲಿ ಮಾತ್ರ ಎರಡು ಗೀಟು ಸಿಗ್ನಲ್! ಫೋನನ್ನು ವೈರಿನಿಂದ ರೂಟರಿಗೆ ಸಿಕ್ಕಿಸಿ, ಯುಎಸ್‌ಬಿ ಟೆದರಿಂಗ್ ಒತ್ತಿದೆ. ಮಳೆ ಮತ್ತೆ ಶುರು. ಅತ್ತೆಯ ಸ್ಟೀಲ್ ಡಬ್ಬಿಯೊಳಗೆ ಎಲ್ಲವನ್ನೂ ಇಟ್ಟು ಮುಚ್ಚಳ ಹಾಕಿದೆ. ಮರುಗಳಿಗೆಯೇ ಎಲ್ಲ ಸತ್ತಿತು. ಲೋಹದ ಗೋಡೆ ದಾಟಿ ರೇಡಿಯೋ ಅಲೆ ಆಚೆ ಬರುವುದಿಲ್ಲ! ಓದಿ ಗೊತ್ತಿದ್ದ ವಿಷಯ, ಗಾಬರಿಯಲ್ಲಿ ಮರೆತೇಹೋಗಿತ್ತು. "ಅತ್ತೆ, ಪ್ಲಾಸ್ಟಿಕ್ಕಿಂದು ಕೊಡಿ!" ಅವರು ಚಕ್ಕುಲಿ ಡಬ್ಬಿಯನ್ನು ಖಾಲಿ ಮಾಡಿಕೊಟ್ಟರು. ರೂಟರಿನ ದೀಪ ಒಮ್ಮೆ ಮಿಣುಕಿ ಸ್ಥಿರವಾಯಿತು.

ಫೋನೊಂದರ ಹಾಟ್‌ಸ್ಪಾಟೇ ಸಾಲದೇ ಎಂದು ಕೇಳುವವರಿದ್ದಾರೆ. ಸಿಗ್ನಲ್ ಇದ್ದದ್ದು ಸಜ್ಜೆಯಲ್ಲಿ, ಜನ ಇದ್ದದ್ದು ಕೆಳಗೆ. ನಡುವೆ ಕಬ್ಬಿಣ ಕಟ್ಟಿದ ಕಾಂಕ್ರೀಟು. ಹಾಟ್‌ಸ್ಪಾಟ್ ಹಚ್ಚಿದ ಫೋನು ಬೇಗ ಕಾಯುತ್ತದೆ, ಬ್ಯಾಟರಿಯೂ ಕರಗುತ್ತದೆ. ಇಲ್ಲಿ ಫೋನು ಸಿಗ್ನಲ್ ಇರುವಲ್ಲೇ ಕೂತಿತು. ಹಂಚುವ ಕೆಲಸ ರೂಟರಿನದು. ಅದರ ವೈಫೈ ಮೆಟ್ಟಿಲ ಸಂದಿಯಿಂದ ನೀರಿನಂತೆಯೇ ಕೆಳಗಿಳಿಯಿತು. ಹನ್ನೊಂದು ಫೋನುಗಳು ಅಂಟಿಕೊಂಡವು. ವೈಫೈ ಕಾಲಿಂಗ್ ಇದ್ದ ಫೋನುಗಳಿಂದ ಮಾಮೂಲಿ ಕರೆಯೇ ಹೋಯಿತು, ತಮ್ಮ ಟವರ್ ಸತ್ತಿದ್ದರೂ.

ಆಸ್ಪತ್ರೆಗೆ ಹೇಳಿದೆವು. ಬಡಾವಣೆಯ ಗುಂಪಿಗೆ ಲೊಕೇಶನ್ ಕಳಿಸಿದೆವು. ಸುತ್ತುತ್ತಲೇ ಇದೆ, ಹೋಗುತ್ತಿಲ್ಲ! ರೂಟರಿನ ಪುಟ ತೆರೆದು ನೋಡಿದರೆ ಒಂದೇ ಫೋನು ಎಲ್ಲವನ್ನೂ ಹೀರುತ್ತಿದೆ, ನೆರೆಯ ವಿಡಿಯೋಗಳೆಲ್ಲ ತಾವಾಗಿಯೇ ಮೇಲೇರುತ್ತಿವೆ. ಅದನ್ನು ತಡೆದೆ. "ಯಾರೂ ವಿಡಿಯೋ ಹಾಕಬೇಡಿ, ಮೆಸೇಜ್ ಮಾತ್ರ!" ಎಂದು ಕೂಗಿದೆ. ಕಡೆಗೂ ಲೊಕೇಶನ್ ಹೋಯಿತು.

11.30ಕ್ಕೆ ಟ್ರ್ಯಾಕ್ಟರಿನ ಸದ್ದು. ಎತ್ತರದ ಚಕ್ರ, ಮೇಲಕ್ಕೆ ನಿಂತ ಸೈಲೆನ್ಸರ್. ಆ ವಾರ ನೆರೆ ನುಗ್ಗಿದ ಬಡಾವಣೆಗಳಿಂದ ಐಟಿ ನೌಕರರನ್ನು ದಾಟಿಸಿದ್ದೂ ಟ್ರ್ಯಾಕ್ಟರುಗಳೇ. 1985ರಲ್ಲಿ ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಚೇರಿಗೆ ಉಪಗ್ರಹ ಸಂಪರ್ಕದ ಸಲಕರಣೆ ಬಂದದ್ದು ಎತ್ತಿನಗಾಡಿಯಲ್ಲಿ. ಈ ಊರಿನ ಐಟಿಗೆ ಕಷ್ಟಕಾಲದಲ್ಲಿ ಹೆಗಲು ಕೊಟ್ಟದ್ದು ರೈತರ ಗಾಡಿಗಳೇ.

"ಅಣ್ಣ, ಮೆಟ್ಟಿಲ ತನಕ ಬರ್ತೀರಾ?"

"ಬರ್ತೀನಿ ಸರ್. ಹಿಡ್ಕೊಳ್ಳಿ ಅವರನ್ನ."

ಮಾವನನ್ನು ಕುರ್ಚಿ ಸಮೇತ ನಾಲ್ವರು ಎತ್ತಿದೆವು. ಅತ್ತೆ ಹತ್ತಿದರು. ನಾನು ಹತ್ತಲಿಲ್ಲ, ಮಹಡಿಯಲ್ಲಿ ಇನ್ನೂ ಎಂಟು ಜನರಿದ್ದರು, ಚಕ್ಕುಲಿ ಡಬ್ಬಿ ಸಜ್ಜೆಯಲ್ಲೇ ಇರಬೇಕಿತ್ತು.

ಡಯಾಲಿಸಿಸ್ ಶುರುವಾದದ್ದು ಮಧ್ಯಾಹ್ನ 2.20ಕ್ಕೆ. ಅತ್ತೆ ಕಳಿಸಿದ ಆ ಒಂದು ಸಾಲಿನ ಸುದ್ದಿ ನನಗೆ ಮುಟ್ಟಿದ್ದು ಆ ಡಬ್ಬಿಯ ಮೂಲಕವೇ. ಪವರ್‌ಬ್ಯಾಂಕಿನಲ್ಲಿ ಇನ್ನೂ ಒಂದು ದೀಪ ಉರಿಯುತ್ತಿತ್ತು.