ಲಗೇಜಿನ ಚೀಟಿ

ನಮ್ಮ ಕಡೆಯ ಪತ್ರಿಕೆಗಳಲ್ಲಿ ನಿಧನವಾರ್ತೆಗೊಂದು ಅಚ್ಚು ಇದೆ. ‘ಕೃಷಿ ಕುಟುಂಬದಲ್ಲಿ ಜನಿಸಿದ ಇವರು’ ಎಂದು ಶುರುವಾದರೆ ‘ಪತ್ನಿ, ಇಬ್ಬರು ಪುತ್ರರು, ಓರ್ವ ಪುತ್ರಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ’ ಎಂದು ಮುಗಿಯುತ್ತದೆ. ಹೋದ ಮಳೆಗಾಲದಲ್ಲಿ ತೀರಿಕೊಂಡ ನಮ್ಮ ದೊಡ್ಡಪ್ಪನೂ ಇದರೊಳಗೆ ಸಲೀಸಾಗಿ ಹಿಡಿಸಿದ. ಒಂದಕ್ಷರ ಸುಳ್ಳಿಲ್ಲ. ಆ ತುದಿಯ ಕೃಷಿಗೂ ಈ ತುದಿಯ ಕುಟುಂಬಕ್ಕೂ ನಡುವೆ ಅವನು ಜೀವಮಾನವಿಡೀ ಓಡಾಡಿದ್ದು ಮಾತ್ರ ಅಲ್ಲಿಲ್ಲ.

ಓಡಾಡಿದ್ದು ಅಕ್ಷರಶಃ ನಿಜ. ಅವನು ಬಸ್ ಕಂಡಕ್ಟರ್. ಕುಮಟಾದಿಂದ ಭಟ್ಕಳಕ್ಕೆ ಸುಮಾರು 60 ಕಿ.ಮೀ. ದಾರಿ. ಹಂದಿಗೋಣ, ಧಾರೇಶ್ವರ, ಹಳದೀಪುರ, ಕರ್ಕಿ, ಹೊನ್ನಾವರ, ಸೇತುವೆ ದಾಟಿದರೆ ಕಾಸರಕೋಡು, ಮಂಕಿ, ಶಿರಾಲಿ. ಈ ಹೆಸರುಗಳನ್ನು ನಿದ್ದೆಗಣ್ಣಲ್ಲೂ ತಪ್ಪದೆ ಹೇಳುತ್ತಿದ್ದ. ಆದರೆ ಹೊಸಬರು ಯಾರಾದರೂ ಉದ್ಯೋಗ ಎಂತದು ಎಂದು ಕೇಳಿದರೆ, ಖಾಕಿ ಅಂಗಿಯಲ್ಲೇ ನಿಂತು “ಬೇಸಾಯ” ಎನ್ನುತ್ತಿದ್ದ. ನಾನು ಒಮ್ಮೆ ನಕ್ಕಿದ್ದಕ್ಕೆ, “ಬಸ್ಸು ನಮ್ಮಪ್ಪಂದಲ್ಲ ತಮಾ, ಗದ್ದೆ ನಮ್ಮಪ್ಪಂದು” ಅಂದಿದ್ದ.

ಆ ಗದ್ದೆ ಅವರಪ್ಪನದಾದದ್ದೂ ತಡವಾಗಿಯೇ. ಅಜ್ಜ ಗೇಣಿ ಒಕ್ಕಲು. ಬೆಳೆದದ್ದರಲ್ಲಿ ಒಡೆಯರ ಮನೆಗೆ ಅಳೆದು ಉಳಿದದ್ದು ಉಣ್ಣಬೇಕು. ಈ ಜಿಲ್ಲೆಯ ಗೇಣಿದಾರರನ್ನು ದಿನಕರ ದೇಸಾಯಿಯವರು ಸಂಘ ಕಟ್ಟಿ ಎಬ್ಬಿಸಿದ್ದು ಸ್ವಾತಂತ್ರ್ಯಕ್ಕೂ ಮೊದಲು. ಅದಕ್ಕಾಗಿ ಬ್ರಿಟಿಷ್ ಸರಕಾರ ಅವರನ್ನು ಗಡೀಪಾರು ಮಾಡಿತ್ತು. ಗೇಣಿದಾರನಿಗೇ ಭೂಮಿ ಕೊಡುವ ಕಾನೂನು ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ. ಗೇಣಿ ಮಾಡುತ್ತಿದ್ದವನು ಫಾರಂ ಏಳು ತುಂಬಿ ಭೂ ನ್ಯಾಯ ಮಂಡಳಿಗೆ ಕೊಡಬೇಕು. ಕೇರಿಯಲ್ಲಿ ಅಕ್ಷರ ಕಲಿತವರು ಬೆರಳೆಣಿಕೆ. ದೊಡ್ಡಪ್ಪ ಎಸ್ಸೆಸ್ಸೆಲ್ಸಿ ಮುಗಿಸಿದವನು, ಕೈಬರಹ ಚೆಂದ. ಅಜ್ಜನದನ್ನು ತುಂಬಿದ ಮೇಲೆ ಅಕ್ಕಪಕ್ಕದವರದ್ದನ್ನೂ ಚಿಮಣಿ ದೀಪದಲ್ಲಿ ತುಂಬಿಕೊಟ್ಟ. ನಮ್ಮ ಮನೆಯಲ್ಲಿ ‘ಫಾರಂ ಏಳು’ ಎಂಬುದು ಮಂತ್ರದ ಹಾಗೆ ಉಳಿಯಿತು. ಯಾವ ಅರ್ಜಿ ಬರೆಯಲು ಕೂತರೂ ಅಜ್ಜ, “ಮಾಣಿ ಫಾರಂ ಏಳು ತುಂಬ್ತಾ ಉಂಟು, ಗಲಾಟೆ ಮಾಡ್ಬೇಡಿ” ಎಂದು ಗದರುತ್ತಿದ್ದ.

ಬಂದದ್ದು ಕೆಲವು ಗುಂಟೆ. ತಮ್ಮಂದಿರೊಡನೆ ಪಾಲಾದ ಮೇಲೆ ಅದರಲ್ಲಿ ಸಂಸಾರ ನಡೆಯುವ ಮಾತೇ ಇರಲಿಲ್ಲ. ಗದ್ದೆ ಬಿಡಬಾರದೆಂದೇ ಅವನು ನೌಕರಿಗೆ ಸೇರಿದ. ಬೆಳಗಿನ ಪಾಳಿಯಿದ್ದರೆ ಕತ್ತಲಲ್ಲೇ ಎದ್ದು ಈರುಳ್ಳಿಗೆ ನೀರು.

ಕುಮಟಾ ಈರುಳ್ಳಿ ತಿಂದವರಿಗೆ ಗೊತ್ತು, ಕಣ್ಣೀರು ಕಡಿಮೆ, ಸಿಹಿ ಹೆಚ್ಚು. ಭತ್ತದ ಕೊಯ್ಲಾದ ಮೇಲೆ ಆ ಮರಳು ಮಣ್ಣಿನ ಗದ್ದೆಯಲ್ಲೇ ನೆಡುವ ಬೆಳೆ. ಬೀಜ ಪೇಟೆಯದಲ್ಲ, ಮನೆಯದೇ. ಎರಡು ಕೊಡ ಹಿಡಿದು, ಬೆನ್ನು ಬಗ್ಗಿಸಿ, ಸಸಿಯ ಬುಡ ಕಿತ್ತುಹೋಗದಂತೆ ಅಂಗೈ ಅಡ್ಡ ಕೊಟ್ಟು ನೀರು ಬಿಡುತ್ತಿದ್ದ. ಬೆಳೆ ಬಂದಮೇಲೆ ಕಿತ್ತು, ಒಣಗಿಸಿ, ಎಲೆಗಳನ್ನು ಜಡೆ ಹೆಣೆದಂತೆ ಸೇರಿಸಿ ಗೊಂಚಲು ಕಟ್ಟುವುದು ದೊಡ್ಡಮ್ಮನ ಕೆಲಸ. ಹೆದ್ದಾರಿ ಬದಿಯಲ್ಲಿ ಬೇಸಗೆಗೆ ತೂಗುಹಾಕಿ ಮಾರುತ್ತಾರಲ್ಲ, ಅದೇ. ಮಳೆಗಾಲದ ಖರ್ಚಿನದು ಅಡುಗೆಮನೆಯ ಜಂತಿಗೆ.

ಅದರಲ್ಲಿ ಎರಡು ಗೊಂಚಲು, ಜೊತೆಗೆ ಅಕ್ಕಿಯ ಚೀಲ, ಭಟ್ಕಳದ ಹತ್ತಿರ ಕೊಟ್ಟ ತಂಗಿಗೆ. ಅವಳ ಗಂಡ ಬೇಗ ತೀರಿಕೊಂಡಿದ್ದ. ಅಕ್ಕಿ ಹೋಗುವುದು ಅಣ್ಣನ ಬಸ್ಸಿನಲ್ಲೇ. ಅಲ್ಲೊಂದು ತಮಾಷೆ ನಡೆಯುತ್ತಿತ್ತು. ತನ್ನ ಚೀಲಕ್ಕೆ ತಾನೇ ಲಗೇಜಿನ ಚೀಟಿ ಹರಿದು, ತನ್ನ ಕಿಸೆಯ ದುಡ್ಡನ್ನು ತೆಗೆದು ತನ್ನದೇ ಚರ್ಮದ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಡ್ರೈವರು ನಗುತ್ತಿದ್ದ. ದೊಡ್ಡಮ್ಮ ಮಾತ್ರ, “ಅದೇ ದುಡ್ಡಲ್ಲಿ ಇನ್ನೊಂದು ಸೇರು ಬರ್ತಿತ್ತು” ಎಂದು ಗೊಣಗುತ್ತಿದ್ದಳು. ಅವಳ ಬಾಯಿ ಮುಚ್ಚಿಸಲು ಉಪಾಯವಿತ್ತು: ಸಂಜೆ ಬರುವಾಗ ಬಾಳೆಲೆಯಲ್ಲಿ ಸುತ್ತಿದ ಭಟ್ಕಳ ಮಲ್ಲಿಗೆ. ಕೈಗೆ ಕೊಡುತ್ತಿರಲಿಲ್ಲ, ಕಟ್ಟೆಯ ಮೇಲೆ ಇಟ್ಟು ಕೈಕಾಲು ತೊಳೆಯಲು ಹೋಗಿಬಿಡುತ್ತಿದ್ದ.

ಮಗಳನ್ನು ಕೊಟ್ಟದ್ದು ಹೊನ್ನಾವರಕ್ಕೆ. ಬಸ್ಸು ನಿಲ್ಲುವ ಹೊತ್ತಿಗೆ ಅವಳು ಮಗುವನ್ನೆತ್ತಿಕೊಂಡು ನಿಲ್ದಾಣಕ್ಕೆ ಬರುತ್ತಿದ್ದಳು. ಮೊಮ್ಮಗನಿಗೆ ಆರು ತುಂಬಿದ ದಿನ ಅವನನ್ನು ಬಸ್ಸಿಗೆ ಹತ್ತಿಸಿಕೊಂಡು ಅರ್ಧ ಟಿಕೆಟ್ ಹರಿದು ಕೊಟ್ಟನಂತೆ, “ಇವತ್ತಿಂದ ನೀ ಜವಾಬ್ದಾರಿ ಮನುಷ್ಯ” ಎಂದು. ಹುಟ್ಟುಹಬ್ಬಕ್ಕೆ ಆಟಿಕೆ ಕಾದಿದ್ದ ಹುಡುಗ ಶರಾವತಿ ಸೇತುವೆ ಮುಗಿಯುವವರೆಗೂ ಅತ್ತನಂತೆ. ನನ್ನ ಅಭಿಪ್ರಾಯದಲ್ಲಿ ಅತ್ತದ್ದು ಸರಿಯೇ.

ಇಷ್ಟು ಹೇಳಿ ನಿಲ್ಲಿಸಿದರೆ ದೊಡ್ಡಪ್ಪ ದೇವರಾಗಿಬಿಡುತ್ತಾನೆ. ಅವನಲ್ಲೊಂದು ಹಟವಿತ್ತು. ಗಂಡುಮಕ್ಕಳಿಬ್ಬರನ್ನೂ ಗದ್ದೆಗೆ ಇಳಿಯಗೊಡಲಿಲ್ಲ. ನೆಟ್ಟಿ ಕಾಲಕ್ಕೆ ಹುಡುಗರು ಕೆಸರಿಗೆ ಕಾಲಿಟ್ಟರೆ, “ಓದ್ಲಿಕ್ಕೆ ಇಲ್ವಾ?” ಎಂದು ಅಟ್ಟುತ್ತಿದ್ದ. ಪುಸ್ತಕಕ್ಕೆ, ಕಾಲೇಜು ಫೀಸಿಗೆ, ಬೆಂಗಳೂರಿನ ಬಾಡಿಗೆ ಕೋಣೆಗೆ ಹಣ ಹೊಂದಿಸಿದ್ದು ಈರುಳ್ಳಿ ಮಾರಿಯೇ. ಹಾಗೆ ಓದಿದ ಮಕ್ಕಳು ಒಬ್ಬ ಬೆಂಗಳೂರಲ್ಲಿ, ಇನ್ನೊಬ್ಬ ದುಬೈನಲ್ಲಿ. ಅಪ್ಪನ ಮೇಲೆ ಪ್ರಾಣ ಇಟ್ಟವರೇ, ಖಾಯಿಲೆಯಲ್ಲಿ ಒಂದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಈರುಳ್ಳಿ ಸಸಿಯ ಬುಡಕ್ಕೆ ಅಂಗೈ ಯಾಕೆ ಅಡ್ಡ ಕೊಡಬೇಕೆಂದು ಇಬ್ಬರಿಗೂ ತಿಳಿಯದು. ಯಾವ ಗದ್ದೆ ಬಿಡಬಾರದೆಂದು ತಾನು ಎರಡೆರಡು ಕೆಲಸ ಮಾಡಿದನೋ, ಅದರಿಂದ ಮಕ್ಕಳನ್ನು ಬಿಡಿಸಲು ಅಷ್ಟೇ ದುಡಿದ. ನಿವೃತ್ತಿಯ ನಂತರ ನಾನು ಇದನ್ನೇ ಸ್ವಲ್ಪ ಚುಚ್ಚಿ ಕೇಳಿದ್ದೆ. “ನನ್ನ ಬೆನ್ನು ನೋವು ಅವಕ್ಕೆ ಎಂತಕ್ಕೆ?” ಅಂದ. ನಾನು ಒಪ್ಪಲಿಲ್ಲ, ಅವನೂ ಒಪ್ಪಿಸಲು ಹೋಗಲಿಲ್ಲ, ಕೆಮ್ಮಿ ಎದ್ದು ಬಾವಿಕಟ್ಟೆಗೆ ಹೋದ.

ಈಗ ಹೆದ್ದಾರಿ ಅಗಲವಾಗಿದೆ, 17 ಹೋಗಿ 66 ಆಗಿದೆ, ಬದಿಯ ಜಾಗಕ್ಕೆ ದರ ಬಂದಿದೆ. ವರ್ಷಾಂತಿಕಕ್ಕೆ ಮೊದಲೇ ದಲ್ಲಾಳಿಗಳು ಬಂದು ಹೋಗುತ್ತಿದ್ದಾರೆ. ಮಕ್ಕಳು ಮಾರಲು ಹೊರಟಿಲ್ಲ, ಉಳಲೂ ಬರುವುದಿಲ್ಲ. ಮೊನ್ನೆ ಹೋದಾಗ ದೊಡ್ಡಮ್ಮ ಡಬ್ಬಿಯಲ್ಲಿ ಬೂದಿ ಬೆರೆಸಿಟ್ಟ ಬೀಜವನ್ನು ತೋರಿಸಿದಳು. ಈ ಸಲ ಹಾಕ್ತೀರಾ ಎಂದು ಕೇಳಿದೆ.

“ಬೀಜ ಉಂಟು, ನೀರುಂಟು. ಕೆಲಸದವ್ರು ಸಿಗೂದಿಲ್ಲ. ಬಾಯಲ್ಲಿ ಎಂತ ಕೇಳ್ತೆ, ನೀ ಬರ್ತ್ಯೋ ಹೇಳು.”