ಐಎ ನಂಬರ್ 1: ಕೊಯ್ಲಿನ ತಿಂಗಳ ಪುಟಗಳು

ಜನವರಿ 7, ಮೂಡಿಗೆರೆ

ಜಾವಳಿ ಕಡೆಯ ಹೆಣ್ಣುಮಗಳೊಬ್ಬರು ಬಂದಿದ್ದರು. ಗಂಡ ತೀರಿಕೊಂಡಿದ್ದಾರೆ. ನಾಲ್ಕೂವರೆ ಎಕರೆ ರೊಬಸ್ಟಾ ತೋಟ, ಪೌತಿ ಖಾತೆ ಇವರ ಹೆಸರಿಗೆ ಆಗಿದೆ. ಮೈದುನ ಗೇಟಿಗೆ ಅಡ್ಡ ಜೀಪು ನಿಲ್ಲಿಸಿಕೊಂಡು ಕೊಯ್ಯಲು ಬಂದ ಆಳುಗಳನ್ನು ವಾಪಸ್ ಕಳಿಸುತ್ತಿದ್ದಾನಂತೆ. "ಕೇಸು ಎಷ್ಟು ವರ್ಷ ಬೇಕಾದ್ರೂ ನಡೀಲಿ ಸಾರ್, ಈ ಹಣ್ಣು ಕೊಯ್ಯಕ್ಕೆ ಬಿಟ್ರೆ ಸಾಕು ನಂಗೆ" ಅಂದರು.

ದಾವೆ ತೀರ್ಮಾನ ಆಗುವಷ್ಟರಲ್ಲಿ ಎಷ್ಟೋ ಕೊಯ್ಲು ಕಳೆದಿರುತ್ತದೆ. ಕಾಫಿ ಸೀಮೆಯಲ್ಲಿ ಬಹಳ ಜನಕ್ಕೆ ನ್ಯಾಯ ಸಿಗುವುದೋ ತಪ್ಪುವುದೋ ಮಧ್ಯಂತರ ಅರ್ಜಿಯಲ್ಲೇ (ಐಎ). ಆದರೂ ಆ ಅರ್ಜಿಯನ್ನೇ ನಾವು ವಕೀಲರು ಹಳೆಯ ಫೈಲಿನಿಂದ ಹೆಸರು, ಸರ್ವೆ ನಂಬರ್ ಬದಲಿಸಿ ಟೈಪ್ ಮಾಡಿಸುತ್ತೇವೆ. ಇದು ನನಗೆ ಸಹಿಸಲಾಗದ ಸಂಗತಿ.

ಜನವರಿ 8

ಇಡೀ ದಿನ ಅಫಿಡವಿಟ್ಟಿಗೇ ಹೋಯಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 1 ಮತ್ತು 2. ಬೇಕಾದ್ದು ಮೂರು: ಮೇಲ್ನೋಟಕ್ಕೆ ಪ್ರಕರಣ, ಅನುಕೂಲತೆಯ ಸಮತೋಲನ, ಸರಿಪಡಿಸಲಾಗದ ನಷ್ಟ. ದಲ್ಪತ್ ಕುಮಾರ್ ಪ್ರಕರಣದಲ್ಲಿ 1991ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಆದರೆ "ವಾದಿಗೆ ತುಂಬಲಾರದ ನಷ್ಟವಾಗುತ್ತದೆ" ಎಂಬ ಒಂದು ಸಾಲು ಬರೆದು ಕೈತೊಳೆದುಕೊಂಡರೆ ನ್ಯಾಯಾಧೀಶರು ಏನನ್ನು ನಂಬಬೇಕು?

ಅದಕ್ಕೇ ಎಲ್ಲವನ್ನೂ ಬಿಡಿಸಿ ಬರೆದೆ. ಹಣ್ಣಾದ ರೊಬಸ್ಟಾ ಗಿಡದಲ್ಲೇ ಒಣಗಿ ಉದುರುತ್ತದೆ. ಉದುರಿದ ಹಣ್ಣಿನಲ್ಲಿ ಕಾಯಿಕೊರಕ ಉಳಿದುಕೊಂಡು ಬರುವ ವರ್ಷದ ಫಸಲಿಗೂ ತಗಲುತ್ತದೆ. ಗಿಡದಲ್ಲಿ ಹಣ್ಣಿರುವಾಗಲೇ ಹೂಮಳೆ ಬಿದ್ದರೆ ಕೊಯ್ಯುವ ಕೈಗೆ ಹೂವೂ ಉದುರುತ್ತದೆ, ಅಲ್ಲಿಗೆ ಮುಂದಿನ ಬೆಳೆಯೂ ಕೈಬಿಟ್ಟಿತು. ಹೀಗೆ ಹೇಳಿದರೆ ಮೂರನೆಯ ಅಂಶಕ್ಕೆ ಬೇರೆ ವಿಶೇಷಣ ಬೇಡ.

ಸ್ವಾಧೀನಕ್ಕೆ ಪಹಣಿ ಇದೆ. ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ತಪ್ಪೆಂದು ಸಾಬೀತಾಗುವವರೆಗೆ ಅದರ ನಮೂದು ಸರಿ ಎಂದೇ ಭಾವಿಸಬೇಕು. ಅದರ ಜತೆ ಹಿಂದಿನ ಕೊಯ್ಲಿನ ಚೆಕ್‌ರೋಲ್, ಕಾಫಿ ಮಾರಿದ ಬಿಲ್ಲು, ಗೊಬ್ಬರದ ರಸೀದಿ. ಚೆಕ್‌ರೋಲಿನಲ್ಲಿ ಆಳುಗಳ ಹೆಬ್ಬೆಟ್ಟಿನ ಸಾಲು, ಪಕ್ಕದಲ್ಲಿ ಆ ದಿನ ಕೊಯ್ದ ಕೆಜಿ ಲೆಕ್ಕ, ಕೆಳಗೆ ಈ ಅಮ್ಮನ ಸಹಿ. ತೋಟ ಯಾರ ಕೈಯಲ್ಲಿದೆ ಎನ್ನಲು ಇದಕ್ಕಿಂತ ಜೀವಂತ ದಾಖಲೆ ಯಾವುದಿದೆ?

ಒಂದು ತೊಡಕಿದೆ. ಬೇಲಿಯೊಳಗೆ ಸುಮಾರು ಒಂದು ಎಕರೆ ಸರ್ಕಾರಿ ಜಮೀನಿನ ಒತ್ತುವರಿ ಸೇರಿದೆ, ಸಕ್ರಮಕ್ಕೆ ಫಾರಂ 57 ಹಾಕಿದ್ದಾರೆ, ಇತ್ಯರ್ಥವಾಗಿಲ್ಲ. "ಅದನ್ನ ಹೇಳ್ಲೇಬೇಕಾ ಸಾರ್?" ಅಂತ ಅಮ್ಮ ಅಳುಕಿದರು. ಹೇಳಲೇಬೇಕು. ಮುಖ್ಯ ಸಂಗತಿ ಮುಚ್ಚಿಟ್ಟು ಬಂದವರನ್ನು ಯಾವ ಹಂತದಲ್ಲಾದರೂ ಹೊರಗೆ ಹಾಕಬಹುದು ಎಂದು ಚೆಂಗಲ್ವರಾಯ ನಾಯ್ಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎದುರಿನವರು ತೆಗೆಯುವ ಮೊದಲು ನಾವೇ ಹೇಳಿದರೆ ಮಿಕ್ಕ ಮಾತಿಗೂ ತೂಕ ಬರುತ್ತದೆ. ಆ ಎಕರೆಯನ್ನು ಷೆಡ್ಯೂಲಿನಿಂದಲೇ ಬಿಟ್ಟೆ. ಚಕ್ಕುಬಂದಿಯನ್ನು ಸರ್ವೆ ಸ್ಕೆಚ್ಚಿನೊಂದಿಗೆ ಮತ್ತೆ ಮತ್ತೆ ತಾಳೆ ನೋಡಿದೆ.

ಕೇಳಿಕೆಯನ್ನೂ ಕಿರಿದು ಮಾಡಿದೆ: ಈ ಕೊಯ್ಲು ಮುಗಿಯುವವರೆಗೆ ಆಳುಗಳನ್ನೂ ಸಾಗಣೆಯನ್ನೂ ತಡೆಯಬಾರದು, ಅಷ್ಟೇ. ಕೊಯ್ಲಿನ ಲೆಕ್ಕ, ಮಾರಿದ ಬಿಲ್ಲು ನ್ಯಾಯಾಲಯಕ್ಕೆ ಕೊಡುತ್ತೇವೆ ಎಂಬ ಮುಚ್ಚಳಿಕೆಯನ್ನು ನಾನಾಗಿಯೇ ಸೇರಿಸಿದೆ. ಮೈದುನನಿಗೆ ಪಾಲಿದೆ ಎಂದು ನಾಳೆ ಸಾಬೀತಾದರೆ ಲೆಕ್ಕ ಸಿದ್ಧ ಇರುತ್ತದೆ. ಹಣ್ಣು ನೆಲಕ್ಕೆ ಬಿದ್ದರೆ ಇಬ್ಬರಿಗೂ ಏನೂ ಇಲ್ಲ.

ಜನವರಿ 9

ದಾವೆ, ಐಎ ಎರಡೂ ದಾಖಲಾದವು. ಆ ಕಡೆಯವರು ತಮ್ಮನ್ನೂ ಕೇಳಬೇಕೆಂದು 148ಎ ಅಡಿ ಕೇವಿಯಟ್ ಹಾಕಿದ್ದರಿಂದ ಅವರ ವಕೀಲರಿಗೆ ಮೊದಲೇ ಪ್ರತಿ ಕೊಟ್ಟು ಸಹಿ ತೆಗೆದುಕೊಂಡೆ. ಆಕ್ಷೇಪಣೆಗೆ 13ಕ್ಕೆ ದಿನಾಂಕ. ಏಕಪಕ್ಷೀಯ ಆದೇಶ ಸಿಗಲಿಲ್ಲ ಎಂದು ಅಮ್ಮನಿಗೆ ಬೇಸರ. ನನಗೆ ಹಾಗನ್ನಿಸಲಿಲ್ಲ. ಇಬ್ಬರನ್ನೂ ಕೇಳಿ ಕೊಟ್ಟ ಆದೇಶ ಸುಲಭಕ್ಕೆ ಅಲ್ಲಾಡುವುದಿಲ್ಲ.

ರಾತ್ರಿ ಅಮೆರಿಕದ ಫೆಡರಲ್ ನ್ಯಾಯಾಲಯಗಳ ಸಿವಿಲ್ ನಿಯಮ ತಿರುವಿಹಾಕಿದೆ. ಅಲ್ಲಿನ 7(ಬಿ) ಹೇಳುವುದಿಷ್ಟು: ಅರ್ಜಿ ಬರಹದಲ್ಲಿರಲಿ, ಕಾರಣಗಳು ನಿರ್ದಿಷ್ಟವಾಗಿರಲಿ, ಏನು ಬೇಕೆಂದು ಹೇಳಲಿ. ಎದುರು ಪಕ್ಷವನ್ನು ಕೇಳದೆ ಕೊಟ್ಟ ತಡೆಗೆ 65(ಬಿ)ಯಲ್ಲಿ ಸಾಮಾನ್ಯವಾಗಿ 14 ದಿನದ ಮಿತಿ. ನಮ್ಮ ನಿಯಮ 3ಎ ಅಂಥ ಅರ್ಜಿಯನ್ನು 30 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ. ಅವಧಿ ಬೇರೆಯಾದರೂ ಕಾಳಜಿ ಒಂದೇ.

ಜನವರಿ 13

ಆಕ್ಷೇಪಣೆ ಬಂತು: ಇದು ಕೂಡುಕುಟುಂಬದ ಆಸ್ತಿ, ಪಾಲೇ ಆಗಿಲ್ಲ ಎಂದು. ನಮ್ಮಲ್ಲಿ ನೋಂದಣಿಯಾಗದ ಪಾಲುಪಟ್ಟಿ ಇದೆ. ಅದರಿಂದ ಹಕ್ಕು ಸಾಬೀತಾಗದಿದ್ದರೂ ಯಾರು ಯಾವ ಭಾಗ ಅನುಭವಿಸುತ್ತಿದ್ದರು ಎಂದು ತೋರಿಸಲು ಸಾಕು.

ಜೂನಿಯರ್ ಹುಡುಗಿ ಉತ್ಸಾಹದಲ್ಲಿದ್ದಾಳೆ. ಕಮಿಷನರ್ ನೇಮಕಕ್ಕೊಂದು, 151ರಲ್ಲಿ ಪೊಲೀಸ್ ರಕ್ಷಣೆಗೊಂದು ಅರ್ಜಿ ಹಾಕೋಣ ಸಾರ್ ಅಂದಳು. ಬೇಡಮ್ಮಾ ಅಂದೆ. ಸ್ವಾಧೀನ ಯಾರದು ಎಂದು ಸಾಕ್ಷ್ಯ ಕೂಡಿಸಿ ಕೊಡುವುದು ಕಮಿಷನರ್ ಕೆಲಸವಲ್ಲ. ಆದೇಶವೇ ಇಲ್ಲದೆ ಪೊಲೀಸರು ಏನನ್ನು ಕಾಯಬೇಕು? ಒಂದೊಂದು ಐಎಗೂ ಒಂದು ಆಕ್ಷೇಪಣೆ, ಒಂದು ವಾಯಿದೆ. ಅಷ್ಟರಲ್ಲಿ ಕೊಯ್ಲೇ ಮುಗಿದಿರುತ್ತದೆ.

ಜನವರಿ 19

ವಾದ ಮುಗಿಯಿತು. ತೀರ್ಪುಗಳ ಕಟ್ಟು ಒಯ್ಯಲಿಲ್ಲ. ಪಹಣಿ, ಚೆಕ್‌ರೋಲ್, ಮುಚ್ಚಳಿಕೆ, ಈ ಕ್ರಮದಲ್ಲಿ ಹೇಳಿದೆ. "ಒತ್ತುವರಿ ಇದೆಯಲ್ಲ?" ಎಂದು ನ್ಯಾಯಾಧೀಶರು ಕೇಳಿದಾಗ ಅಫಿಡವಿಟ್ಟಿನ ಪ್ಯಾರಾ ಓದಿದೆ. ಎದುರಿನ ವಕೀಲರು ಅದನ್ನೇ ನೆಚ್ಚಿಕೊಂಡಿದ್ದರು. ಆಮೇಲೆ ಅವರಲ್ಲಿ ಹೆಚ್ಚು ಮಾತು ಉಳಿಯಲಿಲ್ಲ.

ಜನವರಿ 23

ಐಎ 1 ಮಂಜೂರಾಯಿತು. ಖಾತೆ ಜಮೀನಿಗೆ ಮಾತ್ರ, ಕೊಯ್ಲು ಮುಗಿಯುವವರೆಗೆ, ಲೆಕ್ಕ ಸಲ್ಲಿಸಬೇಕೆಂಬ ಷರತ್ತಿನ ಮೇಲೆ. ಆದೇಶ ಮೀರಿದರೆ ನಿಯಮ 2ಎ ಇದೆ: ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಬಂಧನ. ದೃಢೀಕೃತ ಪ್ರತಿಗೆ ಅರ್ಜಿ ಹಾಕಿಸಿದೆ. ನಾಳೆಯಿಂದಲೇ ಲೆಕ್ಕದ ಪುಸ್ತಕ ಬೇರೆ ಇಡಿ ಎಂದು ಅಮ್ಮನಿಗೆ ಹೇಳಿದೆ.

ಆದೇಶ 43ರ ಕೆಳಗೆ ಮೇಲ್ಮನವಿಗೆ ಅವರಿಗೆ 30 ದಿನ ಇದೆ. ಸೋಮವಾರ ಗಣರಾಜ್ಯೋತ್ಸವದ ರಜೆ. ಮಂಗಳವಾರ ಮೇಲಿನ ಕೋರ್ಟಿನಲ್ಲಿ ನಾವು ಕೇವಿಯಟ್ ಹಾಕಬೇಕು, ಅದು 90 ದಿನ ನಡೆಯುತ್ತದೆ.