ತರಗು ಬೆಂಕಿಯೂ ಕಾಡ್ಗಿಚ್ಚೂ

ಗುಂಡ್ಲುಪೇಟೆ ದಾಟಿದರೆ ದಾರಿ ಎರಡಾಗುತ್ತದೆ. ಒಂದು ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಗೆ. ಎರಡೂ ಬಂಡೀಪುರದ ಕಾಡನ್ನು ಹಾದೇ ಹೋಗಬೇಕು. ಮಳೆಗಾಲದಲ್ಲಿ ಕಣ್ಣು ತಂಪಾಗಿಸುವ ಈ ಕಾಡು ಫೆಬ್ರವರಿ ಹೊತ್ತಿಗೆ ಎಲೆಯುದುರಿಸಿ ಬೋಳಾಗಿ ನಿಲ್ಲುತ್ತದೆ. ತೇಗ, ದಿಂಡಿಗ, ಮತ್ತಿ ಮರಗಳ ತರಗೆಲೆ ನೆಲದ ತುಂಬ ಹರಡಿರುತ್ತದೆ. ಆಗ ಒಂದು ಕಿಡಿ ಸಾಕು.

2017ರ ಫೆಬ್ರವರಿಯಲ್ಲಿ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜೀವಂತವಾಗಿ ಮರಳಲಿಲ್ಲ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಹೊತ್ತಿದ ಬೆಂಕಿ ಸಾವಿರಾರು ಎಕರೆ ಸುಟ್ಟಿತು. ಹಸಿ ಸೊಪ್ಪಿನಿಂದ ಬಡಿದು ಆರಿಸುವುದು ಸಾಧ್ಯವಾಗದೆ, ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು.

ಹಾಗಾದರೆ ಬೆಂಕಿ ಕಾಡಿನ ಶತ್ರುವೇ? ಇದೇ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅನುಭವ ಬೇರೆ. ಬಿಸಿಲು ಬಲಿಯುವ ಮೊದಲೇ ಅವರು ಅಲ್ಲಲ್ಲಿ 'ತರಗು ಬೆಂಕಿ' ಹಾಕುತ್ತಿದ್ದರು. ತರಗೆಲೆ ಮಾತ್ರ ಉರಿದು, ಮರ ಉಳಿಯುತ್ತಿತ್ತು. ಮಳೆ ಬಿದ್ದಾಗ ಹೊಸ ಹುಲ್ಲು ಚಿಗುರುತ್ತಿತ್ತು. ನಮ್ಮ ಉಪ್ಪಿನಕಾಯಿ ಭರಣಿಗೆ ಬರುವ ಬೆಟ್ಟದ ನೆಲ್ಲಿಯ ಮರವನ್ನು ಹಿಂಡುವ ಬದನಿಕೆಯೂ ಇದರಿಂದ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ ಅವರು.

1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೆಂಕಿಗೆ ನಿಷೇಧ ಬಂತು. ಸೋಲಿಗರು ಕಾಡಿನೊಳಗಿನ ನೆಲೆ ಬಿಟ್ಟು ಹೊರಗಿನ ಪೋಡುಗಳಿಗೆ ಬರಬೇಕಾಯಿತು. ಅತ್ತ ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆಂದು ಅಮೆರಿಕ ಖಂಡದಿಂದ ತಂದ ಲಂಟಾನ ಕಾಡಿನಲ್ಲೆಲ್ಲ ಹಬ್ಬಿತು. 1997ರಿಂದ 2008ರೊಳಗೆ ಈ ಬೆಟ್ಟದಲ್ಲಿ ಅದರ ಹರವು ಹೆಚ್ಚುಕಡಿಮೆ ಇಮ್ಮಡಿಯಾಯಿತೆಂದು ಸಂಶೋಧಕರು ಅಳೆದು ಕಂಡರು. ಆಳೆತ್ತರದ ಒಣ ಪೊದೆಗೆ ಬೆಂಕಿ ಹತ್ತಿದರೆ ಅದು ನೆಲದಲ್ಲಿ ನಿಲ್ಲದು, ಕೊಂಬೆಗಳನ್ನೂ ಏರುತ್ತದೆ. ಆದ್ದರಿಂದ ಈಗ ಹಳೆಯ ಹಾಗೆ ಬೆಂಕಿ ಹಾಕುವುದೂ ಅಪಾಯವೇ. ಮೊದಲು ಲಂಟಾನ ತೆಗೆಯಬೇಕು.

ಇದರ ಮೇಲೆ ಹವಾಮಾನದ ಬದಲಾವಣೆ ಬೇರೆ. ಭೂಮಿಯ ಬಿಸಿ ಏರಿದಷ್ಟೂ ಎಲೆ, ಕಡ್ಡಿ ಬೇಗ ಒಣಗುತ್ತವೆ. ಮಳೆ ಕೈಕೊಟ್ಟ ವರ್ಷ ಬೆಂಕಿಯ ದಿನಗಳು ಹೆಚ್ಚುತ್ತವೆ. 2023ರಲ್ಲಿ ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ್ದು ನಮಗೆ ನೆನಪಿದೆ.

ಒಳ್ಳೆಯ ಸುದ್ದಿಯೂ ಇದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅರಣ್ಯ ಹಕ್ಕು ದೊರೆಯಿತು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನ ಕಡ್ಡಿಯಿಂದಲೇ ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ಕಾಡಿನ ಪಿಡುಗು ಕೆಲವು ಮನೆಗಳಲ್ಲಿ ಅನ್ನವಾಗಿದೆ.

ಸಹೋದರಿಯರೇ, ಇಲ್ಲಿನ ಕಾಡ್ಗಿಚ್ಚು ಹೆಚ್ಚಾಗಿ ಹುಟ್ಟುವುದು ಮನುಷ್ಯರ ಕೈಯಿಂದಲೇ. ರಜೆಯಲ್ಲಿ ಮಕ್ಕಳೊಂದಿಗೆ ಈ ದಾರಿಯಲ್ಲಿ ಹೋಗುವಾಗ ಬುತ್ತಿ ಮನೆಯಿಂದಲೇ ಕಟ್ಟಿಕೊಳ್ಳಿ, ಕಾಡಿನ ಬದಿಯಲ್ಲಿ ಒಲೆ ಹೂಡಬೇಡಿ. ಗಾಡಿಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ, ತುಂಡನ್ನು ಕಿಟಕಿಯಿಂದ ಎಸೆಯುವ ಮೊದಲೇ ತಡೆಯಿರಿ. ಒಂದು ಮಾತು ಹೇಳಲು ಸಂಕೋಚಪಟ್ಟರೆ ಆ ಬೆಂಕಿಯನ್ನು ಆರಿಸಲು ಯಾರದೋ ಮನೆಯ ಮಗ ಹೋಗಬೇಕಾಗುತ್ತದೆ.